ಹೊಸ ಕಾರು ರೈಲಲ್ಲಿ ಬಂದರೆ ಒಳ್ಳೆಯದಾ, ಟ್ರೈಲರ್‌ನಲ್ಲಿ ಬಂದರೆ ಒಳ್ಳೆಯದಾ? ಇಳಿಸಿಕೊಳ್ಳುವವನ ರಿವ್ಯೂ

ಹೊಸ ಕಾರು ತೆಗೆದುಕೊಂಡವರು ಎಂಜಿನ್ ಬಗ್ಗೆ ಬರೆಯುತ್ತಾರೆ, ಮೈಲೇಜ್ ಬಗ್ಗೆ ಬರೆಯುತ್ತಾರೆ, ಶೋರೂಂನಲ್ಲಿ ಎಷ್ಟು ಹೊತ್ತು ಕಾಯಿಸಿದರು ಅನ್ನುವುದನ್ನೂ ಬರೆಯುತ್ತಾರೆ. ಆದರೆ ಆ ಕಾರು ಕಾರ್ಖಾನೆ ಗೇಟು ದಾಟಿ ನಮ್ಮೂರಿಗೆ ಹೇಗೆ ಬಂತು, ದಾರಿಯಲ್ಲಿ ಅದನ್ನು ಹೇಗೆ ನೋಡಿಕೊಂಡರು ಅಂತ ಯಾರೂ ಬರೆದಿದ್ದನ್ನು ನಾನು ಓದಿಲ್ಲ. ನೀವು ಕಟ್ಟುವ ದುಡ್ಡಿನಲ್ಲಿ ಆ ಸಾಗಣೆಯ ಖರ್ಚೂ ಸೇರಿರುತ್ತದೆ, ಅಲ್ವಾ? ಹಾಗಿದ್ದ ಮೇಲೆ ಅದಕ್ಕೂ ಒಂದು ರಿವ್ಯೂ ಬೇಕು.

ನಾನು 2014ರಿಂದ ನೆಲಮಂಗಲದ ಹತ್ತಿರ ಒಂದು ಸ್ಟಾಕ್‌ಯಾರ್ಡ್‌ನಲ್ಲಿ ಕೆಲಸ ಮಾಡುತ್ತಿದ್ದೇನೆ. ಮೂರು ಬೇರೆ ಬೇರೆ ಬ್ರಾಂಡಿನ ಡೀಲರ್‌ಗಳ ಕಾರು ಇಲ್ಲಿಗೆ ಬಂದು ಇಳಿಯುತ್ತವೆ. ಕಾರನ್ನು ಇಳಿಸಿಕೊಳ್ಳುವುದು, ನಾಲ್ಕೂ ಕಡೆ ನೋಡುವುದು, ಗೀರು, ತಗ್ಗು ಏನಾದರೂ ಇದ್ದರೆ ಡ್ರೈವರ್ ಎದುರೇ ಪೇಪರ್ ಮೇಲೆ ಬರೆಯುವುದು, ಆಮೇಲೆ ಪಿಡಿಐ ಮಾಡಿ ಶೋರೂಂಗೆ ಕಳಿಸುವುದು ನಮ್ಮ ಕೆಲಸ. ಪಿಡಿಐ ಅಂದರೆ ಗ್ರಾಹಕರಿಗೆ ಕೊಡುವ ಮುಂಚಿನ ತಪಾಸಣೆ. ಟ್ರೈಲರ್‌ನಲ್ಲಿ ಬಂದ ಕಾರನ್ನೂ ನೋಡಿದ್ದೇನೆ, ರೈಲಿನಲ್ಲಿ ಬಂದ ಕಾರನ್ನೂ ನೋಡಿದ್ದೇನೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲೇ ಮಾರ್ಕ್ಸ್ ಕೊಟ್ಟುಬಿಡುತ್ತೇನೆ. ರೈಲಿಗೆ 5ಕ್ಕೆ 4. ದೂರದ ಟ್ರೈಲರ್‌ಗೆ 5ಕ್ಕೆ ಮೂರೂವರೆ. ರೈಲಿನಿಂದ ಇಳಿದ ಕಾರು ನಮ್ಮ ಯಾರ್ಡ್ ಸೇರುವವರೆಗಿನ ಆ ಕೊನೆಯ ತುಂಡು ದಾರಿಗೆ 5ಕ್ಕೆ 2, ಅದಕ್ಕಿಂತ ಒಂದು ಚೂರೂ ಜಾಸ್ತಿ ಕೊಡಲ್ಲ.

ಟ್ರೈಲರ್ ಕಥೆಯಿಂದಲೇ ಶುರು ಮಾಡುತ್ತೇನೆ. ಹರಿಯಾಣದ ಮಾನೇಸರ್‌ನಲ್ಲಿ ಮಾರುತಿ ಸುಜುಕಿ ಕಾರ್ಖಾನೆ ಇದೆ. ಆ ಊರಿನ ಮೇಲೆ ಹಾದು ಹೋಗುವುದು ರಾಷ್ಟ್ರೀಯ ಹೆದ್ದಾರಿ 48. ಅದೇ ರಸ್ತೆ ಜೈಪುರ, ಉದಯಪುರ, ಅಹಮದಾಬಾದ್, ಮುಂಬೈ, ಪುಣೆ ದಾಟಿ ಬೆಳಗಾವಿ, ಹುಬ್ಬಳ್ಳಿ, ದಾವಣಗೆರೆ, ಚಿತ್ರದುರ್ಗ, ತುಮಕೂರು ಮುಟ್ಟಿ ನಮ್ಮ ನೆಲಮಂಗಲಕ್ಕೆ ಬರುತ್ತದೆ. ಒಂದೇ ನಂಬರಿನ ರಸ್ತೆ, 2,000 ಕಿಲೋಮೀಟರ್‌ಗಿಂತ ಜಾಸ್ತಿ. ಅಷ್ಟು ದೂರ ಎಂಟು ಕಾರುಗಳನ್ನು ಬೆನ್ನ ಮೇಲೆ ಹೊತ್ತು, ಡಾಬಾಗಳಲ್ಲಿ ಉಂಡು, ಕ್ಯಾಬಿನ್‌ನಲ್ಲೇ ಮಲಗಿ, ಘಾಟಿ ಹತ್ತಿ ಇಳಿದು ಬರುವ ಡ್ರೈವರ್‌ಗಳನ್ನು ನೋಡಿದರೆ ನನಗೆ ನಿಜವಾಗಿ ಗೌರವ ಬರುತ್ತದೆ. ಟ್ರೈಲರ್‌ನ ಉದ್ದ 18.75 ಮೀಟರ್. ಅದನ್ನು ನಮ್ಮ ಗೇಟಿನ ಮುಂದಿನ ತಿರುವಿನಲ್ಲಿ ಹಿಂದೆ ತೆಗೆಯುವುದನ್ನು ಒಂದು ಸಲ ನೋಡಬೇಕು ನೀವು. ಕ್ಲೀನರ್ ಹುಡುಗ ಹಿಂದೆ ನಿಂತು ಡಬ್ಬ ಬಡಿಯುತ್ತಾ ‘ಆನೇ ದೋ, ಆನೇ ದೋ’ ಅನ್ನುತ್ತಿರುತ್ತಾನೆ, ಡ್ರೈವರ್ ಕನ್ನಡಿ ನೋಡುತ್ತಾ ಗೇಣು ಗೇಣಾಗಿ ಒಳಗೆ ತರುತ್ತಾನೆ.

ಟ್ರೈಲರ್‌ನ ದೊಡ್ಡ ಗುಣ ಏನೆಂದರೆ ಅದಕ್ಕೆ ಯಾರಿಗೂ ಕಾಯುವ ಕೆಲಸ ಇಲ್ಲ. ಎಂಟು ಕಾರು ಸೇರಿದವಾ, ಹೊರಟಿತು. ರೈಲು ಹಾಗಲ್ಲ. ಒಂದು ರೇಕ್, ಅಂದರೆ ವ್ಯಾಗನ್‌ಗಳನ್ನೆಲ್ಲಾ ಜೋಡಿಸಿದ ಇಡೀ ಒಂದು ರೈಲು, ತುಂಬಬೇಕಾದರೆ ಒಂದೇ ದಿಕ್ಕಿಗೆ ಹೋಗುವ ನೂರಕ್ಕೂ ಜಾಸ್ತಿ ಕಾರು ಬೇಕು. ನೀವು ಯಾರೂ ಕೇಳದ ಒಂದು ಬಣ್ಣ, ಯಾರೂ ತೆಗೆದುಕೊಳ್ಳದ ಒಂದು ವೇರಿಯಂಟ್ ಬುಕ್ ಮಾಡಿದ್ದೀರಿ, ಬೇಗ ಬೇಕು ಅಂತ ಹಟ ಹಿಡಿದಿದ್ದೀರಿ ಅಂದುಕೊಳ್ಳಿ. ಅಂಥ ಕಾರು ಸಾಮಾನ್ಯವಾಗಿ ನಮ್ಮ ಯಾರ್ಡ್‌ಗೆ ಟ್ರೈಲರ್‌ನಲ್ಲೇ ಬರುತ್ತದೆ. ಇನ್ನೊಂದು ಗುಣ, ಅದು ಸೀದಾ ನಮ್ಮ ಅಂಗಳಕ್ಕೇ ಬರುತ್ತದೆ. ನಡುವೆ ಎಲ್ಲೂ ಇಳಿಸುವುದಿಲ್ಲ.

ಆದರೆ ಮೇಲಿನ ಅಟ್ಟದಲ್ಲಿ ಬಂದ ಕಾರಿನ ರೂಫ್ ನೋಡಿದರೆ ರಸ್ತೆಯ ಚರಿತ್ರೆಯೆಲ್ಲಾ ಗೊತ್ತಾಗುತ್ತದೆ. ಮರದ ಕೊಂಬೆ ಸವರಿದ ಉದ್ದ ಗೀರು, ವೈಪರ್ ಹತ್ತಿರ ಸಿಕ್ಕಿಕೊಂಡ ಎಲೆ, ಹಕ್ಕಿ ಹಿಕ್ಕೆ ಒಣಗಿ ಬಣ್ಣಕ್ಕೆ ಇಳಿದ ಕಲೆ. ಹಿಕ್ಕೆ ಎರಡು ದಿನ ಬಿಸಿಲಿನಲ್ಲಿ ಕೂತರೆ ಸಾಕು, ಕ್ಲಿಯರ್ ಕೋಟ್, ಅಂದರೆ ಬಣ್ಣದ ಮೇಲಿನ ಹೊಳಪಿನ ಪದರ, ಹಾಳು. ಒಂದು ಮಳೆಗಾಲ ಒಂದು ಬಿಳಿ ಕಾರು ಬಂತು. ಮೇಲಿಂದ ಕೆಳಗೆ ಕೆಂಪು ಮಣ್ಣು, ಎಲ್ಲೋ ರಸ್ತೆ ಕೆಲಸ ನಡೆಯುವ ಕಡೆ ಸಿಕ್ಕಿಹಾಕಿಕೊಂಡಿತ್ತು. ನೀರು ಹಾಕಿ ತೊಳೆದ ಮೇಲೆ ನೋಡಿದರೆ ಬಲಗಡೆ ಹಿಂಬಾಗಿಲಿನ ಕೆಳಗೆ ಬೆಲ್ಟಿನ ಕೊಕ್ಕೆ ತಾಗಿ ಬಣ್ಣ ಎದ್ದಿತ್ತು. ಮಣ್ಣು ಇದ್ದಾಗ ಕಾಣಲೇ ಇಲ್ಲ. ಪೇಪರ್‌ಗೆ ಸಹಿ ಹಾಕಿ ಡ್ರೈವರ್‌ನನ್ನು ಕಳಿಸಿ ಆಗಿತ್ತು. ಅವತ್ತಿನಿಂದ ನಮ್ಮ ಯಾರ್ಡ್‌ನಲ್ಲಿ ಒಂದು ನಿಯಮ: ಮೊದಲು ನೀರು, ಆಮೇಲೆ ಸಹಿ. ಡ್ರೈವರ್‌ಗೆ ಅರ್ಧ ಗಂಟೆ ತಡವಾಗುತ್ತದೆ ನಿಜ, ಆದರೆ ಇದು ಅವನಿಗೂ ಒಳ್ಳೆಯದೇ. ಆಮೇಲೆ ಕಂಡ ಗಾಯವನ್ನು ಅವನ ತಲೆಗೆ ಕಟ್ಟುವ ಹಾಗಿಲ್ಲ.

ಈಗ ರೈಲು. ಜನ ತಿಳಿದುಕೊಂಡಿರುವುದು ಕಾರುಗಳನ್ನು ತೆರೆದ ವ್ಯಾಗನ್ ಮೇಲೆ ಇಟ್ಟು ತರುತ್ತಾರೆ ಅಂತ. ಇಲ್ಲ. ಎರಡು ಥರದ ರೇಕ್ ನಾನು ನೋಡಿದ್ದೇನೆ. ಒಂದು ಎನ್‌ಎಂಜಿ. ಇದು ಜನರನ್ನು ಹೊತ್ತು ಹೊತ್ತು ವಯಸ್ಸಾದ ಹಳೇ ಪ್ಯಾಸೆಂಜರ್ ಬೋಗಿ. ಸೀಟು, ಫ್ಯಾನು ಎಲ್ಲಾ ಕಿತ್ತು, ಕಿಟಕಿ ಇದ್ದ ಕಡೆ ತಗಡು ಮುಚ್ಚಿ, ತುದಿಯಲ್ಲಿ ದೊಡ್ಡ ಬಾಗಿಲು ಇಟ್ಟಿರುತ್ತಾರೆ. ಒಂದು ಬೋಗಿಗೆ ಐದು ಕಾರಿನ ಲೆಕ್ಕ, ಇಡೀ ರೇಕಿಗೆ ಸುಮಾರು 125. ಇನ್ನೊಂದು ಕಾರಿಗೆಂದೇ ಕಟ್ಟಿದ ಎರಡು ಅಟ್ಟದ ವ್ಯಾಗನ್, ಹೆಸರು ಬಿಸಿಎಸಿಬಿಎಂ. ಅದರ ಅಟ್ಟವನ್ನು ಬೇಕಾದ ಹಾಗೆ ಹೊಂದಿಸಬಹುದು, ಅದಕ್ಕೇ ಎತ್ತರದ ಗಾಡಿಗಳೂ ಹಿಡಿಸುತ್ತವೆ. ಮಾರುತಿಯವರು ಬಳಸುವ ಇಂಥ ರೇಕಿನಲ್ಲಿ ಸುಮಾರು 260 ಕಾರು ಬರುತ್ತವೆ. ಎಂಟರಂತೆ ಲೆಕ್ಕ ಹಾಕಿ, ಮೂವತ್ತಮೂರು ಟ್ರೈಲರ್ ಆಯಿತು. ಮೂವತ್ತಮೂರು ಟ್ರೈಲರ್ ಹುಬ್ಬಳ್ಳಿ ರಸ್ತೆಯಲ್ಲಿ ಸಾಲಾಗಿ ಹೋಗುವುದನ್ನು ಊಹಿಸಿಕೊಳ್ಳಿ. ಅಷ್ಟೂ ಒಂದು ಎಂಜಿನ್ ಹಿಂದೆ ಬರುತ್ತದೆ.

ರೇಕ್ ಇಳಿಸುವುದನ್ನು ಹತ್ತಿರದಿಂದ ನೋಡಬೇಕು. ಬೆಳಿಗ್ಗೆ ಆರಕ್ಕೆ ಹೋಗಿದ್ದೆ ಒಮ್ಮೆ, ಇನ್ನೂ ಮಂಜು ಇತ್ತು. ಕೊನೆಯ ವ್ಯಾಗನ್‌ನ ತುದಿ ಬಾಗಿಲು ತೆಗೆದು ಇಳಿಜಾರು ರ‍್ಯಾಂಪ್ ಹಚ್ಚುತ್ತಾರೆ. ವ್ಯಾಗನ್‌ಗಳ ನಡುವೆ ಕಬ್ಬಿಣದ ಹಲಗೆ ಹಾಸುತ್ತಾರೆ. ಅಂದರೆ ಇಡೀ ರೈಲು ಒಂದು ಉದ್ದನೆ ಓಣಿ ಆಗುತ್ತದೆ. ಮುಂದಿನ ವ್ಯಾಗನ್‌ನ ಕಾರು ಹಿಂದಿನ ಎಲ್ಲಾ ವ್ಯಾಗನ್ ಒಳಗಿನಿಂದ ಹಾದು ಹೊರಗೆ ಬರಬೇಕು. ಡ್ರೈವರ್‌ಗಳು ಒಳಗೆ ಹೋಗಿ ಚಕ್ರಕ್ಕೆ ಕೊಟ್ಟ ತಡೆ ಬಿಚ್ಚುತ್ತಾರೆ, ಠಣ್ ಠಣ್ ಅಂತ ಸದ್ದು ಆ ಓಣಿಯ ಉದ್ದಕ್ಕೂ ಕೇಳುತ್ತದೆ. ಒಳಗೆ ಕತ್ತಲೆ. ಕಾರಿನ ಬಾಗಿಲು ಪೂರ್ತಿ ತೆಗೆಯುವಷ್ಟು ಜಾಗ ಇಲ್ಲ, ಹೊಟ್ಟೆ ಒಳಗೆ ಎಳೆದುಕೊಂಡು ನುಸುಳಬೇಕು. ಅದಕ್ಕೇ ಒಳ್ಳೆ ಡ್ರೈವರ್‌ಗಳು ಬೆಲ್ಟಿನ ಬಕಲ್ ಬಿಚ್ಚಿಟ್ಟು, ಕೈಯ ಕಡಗ, ಉಂಗುರ ತೆಗೆದು ಒಳಗೆ ಹೋಗುತ್ತಾರೆ. ಆಮೇಲೆ ಒಂದೊಂದೇ ದೀಪ ಹತ್ತುತ್ತದೆ. ಒಂದರ ಹಿಂದೊಂದು ಕಾರು ಹಲಗೆ ಮೇಲೆ ದಡಕ್ ದಡಕ್ ಅನ್ನುತ್ತಾ ಹೊರಗೆ ಬರುತ್ತದೆ, ಒಂದರ ಮೇಲೂ ರಸ್ತೆಯ ಕೆಸರಿಲ್ಲ. ಹನ್ನೊಂದು ವರ್ಷ ಆದ ಮೇಲೂ ನನಗೆ ಇದನ್ನು ನೋಡುವುದು ಖುಷಿಯೇ.

ರೈಲಿನಲ್ಲಿ ಬಂದ ಕಾರಿಗೆ ಕೊಂಬೆ ಗೀರು ಇಲ್ಲ, ಕಲ್ಲೇಟು ಇಲ್ಲ, ಹಿಕ್ಕೆ ಇಲ್ಲ. ಆದರೆ ಇನ್ನೊಂದು ಇದೆ. ಬಾನೆಟ್ ಮೇಲೆ ಸೂಜಿ ಮೊನೆಯಷ್ಟು ಸಣ್ಣ ಕಿತ್ತಳೆ ಚುಕ್ಕಿಗಳು. ಹೊಸ ಕಾರಿಗೆ ತುಕ್ಕು ಹಿಡಿದಿದೆ ಅಂತ ಗಾಬರಿ ಬಿದ್ದ ಗ್ರಾಹಕರನ್ನು ನೋಡಿದ್ದೇನೆ. ಅದು ಕಾರಿನ ತುಕ್ಕಲ್ಲ. ರೈಲಿನ ಚಕ್ರ, ಹಳಿ, ಬ್ರೇಕ್ ಉಜ್ಜಿ ಏಳುವ ಕಬ್ಬಿಣದ ಧೂಳು ಬಂದು ಬಣ್ಣದ ಮೇಲೆ ಕೂತು, ತೇವ ತಾಗಿ ತುಕ್ಕಾಗುತ್ತದೆ. ಯಾರ್ಡ್‌ನಲ್ಲಿ ಇದನ್ನು ರೈಲ್ ಡಸ್ಟ್ ಅನ್ನುತ್ತೇವೆ. ಕಣ್ಣಿಗೆ ಕಾಣದಿದ್ದರೂ ಕೈಗೆ ಗೊತ್ತಾಗುತ್ತದೆ. ತೆಳು ಪ್ಲಾಸ್ಟಿಕ್ ಕವರ್ ಒಳಗೆ ಕೈ ಹಾಕಿ ತೊಳೆದ ಬಾನೆಟ್ ಮೇಲೆ ಮೆಲ್ಲಗೆ ಸವರಿ, ಮರಳು ಕಾಗದದ ಹಾಗೆ ಗರಗರ ಅಂದರೆ ಇದೆ ಅಂತ ಅರ್ಥ. ಕ್ಲೇ ಬಾರ್‌ನಲ್ಲಿ, ಅಂದರೆ ಧೂಳು ಎತ್ತುವ ಜೇಡಿಮಣ್ಣಿನಂಥ ಮುದ್ದೆಯಲ್ಲಿ, ಉಜ್ಜಿದರೆ ಹೋಗುತ್ತದೆ, ಬಣ್ಣ ಏನೂ ಹಾಳಾಗಲ್ಲ. ಒಂದು ಕಾರಿಗೆ ಮುಕ್ಕಾಲು ಗಂಟೆ ಕೆಲಸ. ಆದರೆ ಆ ಮುಕ್ಕಾಲು ಗಂಟೆಯನ್ನು ಯಾರೋ ಒಬ್ಬರು ಕೊಡಬೇಕು. ಹಬ್ಬದ ಸೀಸನ್‌ನಲ್ಲಿ ಎಷ್ಟೋ ಕಡೆ ಕೊಡುವುದಿಲ್ಲ. ರೈಲಿಗೆ ನಾನು ಕಡಿಮೆ ಮಾಡಿದ ಒಂದು ಮಾರ್ಕಿನಲ್ಲಿ ಅರ್ಧ ಇದಕ್ಕೆ. ಇನ್ನರ್ಧ, ಯಾವಾಗ ಬರುತ್ತದೆ ಅಂತ ಹೇಳಲಾಗದ್ದಕ್ಕೆ. ಗೂಡ್ಸ್ ರೈಲು, ಪ್ಯಾಸೆಂಜರ್ ಗಾಡಿ ಬಂದರೆ ಪಕ್ಕದ ಲೂಪ್ ಲೈನ್‌ಗೆ ಸರಿದು ನಿಲ್ಲಲೇಬೇಕು. ನಾಳೆ ಬೆಳಿಗ್ಗೆ ಅಂದದ್ದು ನಾಡಿದ್ದು ರಾತ್ರಿ ಬಂದಿದೆ. ಬಂದಾಗ 260 ಒಟ್ಟಿಗೆ ಬಂದು ಬೀಳುತ್ತವೆ.

ರೈಲಿನ ಈ ವ್ಯವಹಾರ ಎಷ್ಟು ಬೇಗ ಬೆಳೆಯಿತು ಅನ್ನುವುದಕ್ಕೆ ಮಾರುತಿಯ ಲೆಕ್ಕವೇ ಸಾಕು. 2013ರಲ್ಲಿ ಅವರಿಗೆ ಸ್ವಂತ ಕಾರು ರೈಲು ಓಡಿಸುವ ಲೈಸೆನ್ಸ್ ಸಿಕ್ಕಿತು, ದೇಶದ ಕಾರು ಕಂಪನಿಗಳಲ್ಲಿ ಇದು ಮೊದಲನೆಯದು. 2014-15ರಲ್ಲಿ ರೈಲಿನಲ್ಲಿ ಕಳಿಸಿದ್ದು ಸುಮಾರು 65,700 ಕಾರು. ಒಟ್ಟು ಕಾರುಗಳಲ್ಲಿ ನೂರಕ್ಕೆ ಐದು. 2024-25ರಲ್ಲಿ 5 ಲಕ್ಷ 18 ಸಾವಿರ, ಹತ್ತಿರ ಹತ್ತಿರ ಕಾಲು ಪಾಲು. ನಾನು ಕೆಲಸಕ್ಕೆ ಸೇರಿದ ವರ್ಷ ರೇಕ್ ಅಂದರೆ ಅಪರೂಪ, ಯಾರ್ಡ್‌ನವರೆಲ್ಲಾ ನೋಡಲು ಹೋಗುತ್ತಿದ್ದರು. ಈಗ ಟೀ ಕುಡಿಯುತ್ತಾ ‘ರೇಕ್ ಬಂತಂತೆ’ ಅಂದು ಮುಂದಿನ ಮಾತಿಗೆ ಹೋಗುತ್ತಾರೆ.

ಇಷ್ಟು ಹೇಳಿದ ಮೇಲೆ ಅಸಲು ವಿಷಯಕ್ಕೆ ಬರುತ್ತೇನೆ. ಕಾರಿಗೆ ಗಾಯ ಆಗುವುದು ಓಡುವಾಗ ಕಡಿಮೆ, ಹತ್ತಿಸುವಾಗ ಇಳಿಸುವಾಗ ಜಾಸ್ತಿ. ನಮ್ಮ ಯಾರ್ಡ್‌ನಲ್ಲಿ ಗಾಯದ ಕಾರು ಬಂದರೆ ಮೊದಲು ಕೇಳುವ ಪ್ರಶ್ನೆ ‘ಎಷ್ಟು ಕೈ ಆಗಿದೆ?’ ಅಂತ. ಒಬ್ಬ ಕೀಲಿ ತೆಗೆದುಕೊಂಡು ಹತ್ತಿಸಿದರೆ ಒಂದು ಕೈ, ಇನ್ನೊಬ್ಬ ಇಳಿಸಿದರೆ ಎರಡು ಕೈ. ಟ್ರೈಲರ್ ಸೀದಾ ಬಂದರೆ ಎರಡೇ ಕೈ. ರೈಲು ಹಳೇ ಪದ್ಧತಿಯಲ್ಲಿ ಬಂದರೆ ನೋಡಿ: ಕಾರ್ಖಾನೆಯಲ್ಲಿ ಟ್ರೈಲರ್‌ಗೆ ಹತ್ತಿಸಿದರು, ದೂರದ ರೈಲ್ವೆ ಯಾರ್ಡ್‌ನಲ್ಲಿ ಇಳಿಸಿದರು, ರೇಕಿಗೆ ಹತ್ತಿಸಿದರು, ಇಲ್ಲಿ ರೇಕಿನಿಂದ ಇಳಿಸಿದರು, ಲೋಕಲ್ ಟ್ರೈಲರ್‌ಗೆ ಹತ್ತಿಸಿದರು, ನಮ್ಮ ಯಾರ್ಡ್‌ನಲ್ಲಿ ಇಳಿಸಿದರು. ಆರು ಕೈ! ರೈಲು ಎಷ್ಟು ನಯವಾಗಿ ತಂದರೇನು, ಆರು ಜನ ಆರು ಥರ.

ಅದಕ್ಕೇ ಕಾರ್ಖಾನೆ ಒಳಗೇ ರೈಲು ಹಳಿ ತಂದದ್ದು ನನ್ನ ಪ್ರಕಾರ ಬಹಳ ದೊಡ್ಡ ಕೆಲಸ. ಪೇಪರ್‌ನವರು ಡೀಸೆಲ್ ಉಳಿತಾಯ, ಹೊಗೆ ಉಳಿತಾಯ ಅಂತ ಬರೆದರು. ಅದೂ ಸರಿಯೇ. ಆದರೆ ಇಳಿಸಿಕೊಳ್ಳುವ ನಮಗೆ ಅದರ ಅರ್ಥ ಎರಡು ಕೈ ಕಡಿಮೆ ಆಯಿತು ಅಂತ. ಮೊದಲು 2024ರ ಮಾರ್ಚ್‌ನಲ್ಲಿ ಗುಜರಾತಿನ ಹಂಸಲ್‌ಪುರದ ಮಾರುತಿ ಕಾರ್ಖಾನೆಯಲ್ಲಿ ಇಂಥ ಒಳಹಳಿ ಶುರುವಾಯಿತು, ಅದಕ್ಕೆ ಸೈಡಿಂಗ್ ಅನ್ನುತ್ತಾರೆ. ಆಮೇಲೆ 2025ರ ಜೂನ್‌ನಲ್ಲಿ ಮಾನೇಸರ್‌ನಲ್ಲಿ. ಮಾನೇಸರ್‌ನದು 46 ಎಕರೆ ಜಾಗ, ಪೂರ್ತಿ ಉದ್ದದ ರೇಕ್ ನಿಲ್ಲುವ ನಾಲ್ಕು ಲೈನು, ಎಂಜಿನ್ ಬಿಡಿಸಿಕೊಂಡು ಹೋಗುವುದಕ್ಕೆ ಇನ್ನೊಂದು ಲೈನು. ವರ್ಷಕ್ಕೆ ನಾಲ್ಕೂವರೆ ಲಕ್ಷ ಕಾರು ಕಳಿಸುವ ಸಾಮರ್ಥ್ಯ. ಅಲ್ಲಿಂದ ಪಾಟ್ಲಿ ಸ್ಟೇಷನ್‌ಗೆ ಹತ್ತು ಕಿಲೋಮೀಟರ್ ಹೊಸ ಹಳಿ ಹಾಕಿ ಮೇನ್ ಲೈನಿಗೆ ಸೇರಿಸಿದ್ದಾರೆ. ಅಸೆಂಬ್ಲಿ ಲೈನ್‌ನಿಂದ ಇಳಿದ ಕಾರು ಅದೇ ಕಾಂಪೌಂಡಿನ ಒಳಗೆ ರೈಲು ಹತ್ತುತ್ತದೆ. ಆರು ಕೈ ಇದ್ದದ್ದು ನಾಲ್ಕಾಯಿತು.

ಅದೇ ಮಾನೇಸರ್‌ನಿಂದ 2025ರ ಅಕ್ಟೋಬರ್‌ನಲ್ಲಿ ನೂರಕ್ಕೂ ಜಾಸ್ತಿ ಕಾರು ಹೊತ್ತ ರೈಲು ಕಾಶ್ಮೀರದ ಅನಂತನಾಗ್‌ಗೆ ಹೋಯಿತು, ಚೆನಾಬ್ ಸೇತುವೆ ಮೇಲಿಂದ. ಆ ಘಾಟಿ ರಸ್ತೆಯಲ್ಲಿ, ಹಿಮ ಬಿದ್ದ ಕಾಲದಲ್ಲಿ ಕಾರು ಹೊತ್ತ ಟ್ರೈಲರ್ ಹೋಗುವುದನ್ನು ನೆನೆಸಿಕೊಂಡರೇ ಭಯ. ಆ ಸುದ್ದಿ ಓದಿ ನಮ್ಮ ಯಾರ್ಡ್‌ನ ಹಳೇ ಡ್ರೈವರ್ ಒಬ್ಬರು ‘ಒಳ್ಳೇದಾಯ್ತು, ಅಲ್ಲಿಗೆ ನಮ್ಮ ಹುಡುಗರು ಹೋಗೋದು ಬೇಡ’ ಅಂದರು. ಅವರು ಮನಸ್ಸಿನಿಂದ ಹೇಳಿದ ಮಾತು ಅದು. ಟ್ರೈಲರ್‌ನವರೆಲ್ಲಾ ರೈಲಿನ ಮೇಲೆ ಹೊಟ್ಟೆಕಿಚ್ಚು ಪಡುತ್ತಾರೆ ಅಂತ ತಿಳಿಯಬೇಡಿ.

ಹಾಗಾದರೆ ಎಲ್ಲವನ್ನೂ ರೈಲಿಗೇ ಹಾಕಬಾರದಾ ಅಂತ ಕೇಳುತ್ತಾರೆ. ಅಮೆರಿಕದಲ್ಲಿ ಹೊಸ ಕಾರು ನಾಲ್ಕರಲ್ಲಿ ಸುಮಾರು ಮೂರು ರೈಲಿನಲ್ಲಿ ಹೋಗುತ್ತವೆ, ಮೂರು ಅಟ್ಟದ ವ್ಯಾಗನ್ ಕೂಡ ಇವೆ. ಅಲ್ಲೂ ಕೊನೆಗೆ ಡೀಲರ್ ಬಾಗಿಲಿಗೆ ಮುಟ್ಟಿಸುವುದು ಟ್ರಕ್ಕೇ. ಮತ್ತೆ ನಾವು ಬರೀ ಕಾರ್ಖಾನೆಯಿಂದ ಹೊರಗೆ ಬರುವುದನ್ನು ನೋಡುತ್ತೇವೆ, ಒಳಗೆ ಹೋಗುವುದನ್ನೂ ನೋಡಬೇಕು. ನನ್ನ ಭಾವಮೈದುನ ಬಿಡದಿ ಕಡೆ ಒಬ್ಬ ಬಿಡಿಭಾಗದ ಸಪ್ಲೈಯರ್ ಹತ್ತಿರ ಲಾರಿ ಓಡಿಸುತ್ತಾನೆ. ಬಿಡದಿಯಲ್ಲಿ ಟೊಯೋಟಾ ಕಿರ್ಲೋಸ್ಕರ್ 1999ರ ಕೊನೆಯಿಂದ ಗಾಡಿ ಮಾಡುತ್ತಿದೆ. ಅವರದು ಬೇಕಾದಾಗ ಬೇಕಾದಷ್ಟೇ ತರಿಸುವ ಪದ್ಧತಿ, ಇಡೀ ಪ್ರಪಂಚಕ್ಕೇ ಗೊತ್ತಿರುವುದು. ಗೋಡೌನ್ ತುಂಬಾ ಸೀಟು, ಬಂಪರ್ ಪೇರಿಸಿ ಇಡುವುದಿಲ್ಲ. ಸುತ್ತಮುತ್ತ ಸಪ್ಲೈಯರ್‌ಗಳು, ಸಣ್ಣ ಸಣ್ಣ ಲೋಡು, ದಿನಕ್ಕೆ ಹಲವು ಟ್ರಿಪ್ಪು. ಒಂದೇ ಲಾರಿ ನಾಲ್ಕಾರು ಸಪ್ಲೈಯರ್ ಮನೆ ಬಾಗಿಲಿಗೆ ಹೋಗಿ ಒಂದಿಷ್ಟೊಂದಿಷ್ಟು ತುಂಬಿಕೊಂಡು ಬರುವುದಕ್ಕೆ ಮಿಲ್ಕ್ ರನ್ ಅನ್ನುತ್ತಾರೆ. ನಮ್ಮ ಹಳ್ಳಿಗಳಲ್ಲಿ ಡೈರಿ ಗಾಡಿ ಊರೂರಿನ ಹಾಲು ಎತ್ತಿಕೊಂಡು ಹೋಗುತ್ತದಲ್ಲಾ, ಹಾಗೇ. ಡೀಸೆಲ್ ಎಂಜಿನ್ ಜಿಗಣಿಯಲ್ಲಿ ಆಗುತ್ತದೆ, ಬಿಡದಿಗೆ ಬರಬೇಕು. ಈ ಕೆಲಸಕ್ಕೆ ರೈಲು ಆಗಿಬರಲ್ಲ. ರೈಲು ತಂದರೆ ಒಂದೇ ಸಲ ರಾಶಿ ತಂದು ಸುರಿಯುತ್ತದೆ, ಅಸೆಂಬ್ಲಿ ಲೈನ್‌ಗೆ ಬೇಕಾದ್ದು ಗಂಟೆಗಂಟೆಗೂ ಚೂರು ಚೂರು.

ಭಾವಮೈದುನನ ಲಾರಿಯಲ್ಲಿ ಒಂದು ದಿನ ನಾನೂ ಕೂತು ಹೋಗಿದ್ದೆ. ಅವನ ಕಣ್ಣು ರಸ್ತೆಗಿಂತ ಜಾಸ್ತಿ ಗಡಿಯಾರದ ಮೇಲೆ. ಗೇಟಿನಲ್ಲಿ ಅವನಿಗೆ ಕೊಟ್ಟ ಹೊತ್ತು ಇರುತ್ತದೆ. ಮೊದಲು ಹೋದರೂ ಒಳಗೆ ಬಿಡಲ್ಲ, ತಡವಾದರೆ ಫೋನ್ ಮೇಲೆ ಫೋನ್. ನಡುವೆ ಮದುವೆ ದಿಬ್ಬಣ ಒಂದು ಅಡ್ಡ ಬಂತು. ಹತ್ತು ನಿಮಿಷ ನಿಂತೆವು. ಅಷ್ಟರಲ್ಲಿ ಅವನ ಅಂಗಿ ಬೆನ್ನ ಹಿಂದೆ ಒದ್ದೆಯಾಗಿತ್ತು.

ರೈಲು ಚೆನ್ನಾಗಿ ಹೊಂದುವುದು ಉಕ್ಕಿಗೆ. ನಮ್ಮ ಬಳ್ಳಾರಿ ಕಡೆಯ ತೋರಣಗಲ್ಲಿನ ಜೆಎಸ್‌ಡಬ್ಲ್ಯೂ ಕಾರ್ಖಾನೆಯಲ್ಲಿ ಕಾರಿನ ಹೊರಮೈಗೆ ಬೇಕಾದ ತೆಳು ಉಕ್ಕಿನ ಹಾಳೆಯೂ ಆಗುತ್ತದೆ. ಸುರುಳಿ ಸುತ್ತಿದ ಆ ಕಾಯಿಲ್‌ಗಳು ಒಂದೊಂದೇ ಟನ್‌ಗಟ್ಟಲೆ ತೂಕ. ಅಂಥ ಭಾರಕ್ಕೆ, ಅಷ್ಟು ದೂರಕ್ಕೆ ರೈಲೇ ಸರಿ. ಒಟ್ಟಿನಲ್ಲಿ ಭಾರ, ದೂರ, ರಾಶಿ ಇದ್ದರೆ ರೈಲು. ಚೂರು, ಹತ್ತಿರ, ಅರ್ಜೆಂಟ್ ಇದ್ದರೆ ಲಾರಿ. ಕಿಯಾ ಕಾರ್ಖಾನೆ ಪೆನುಕೊಂಡದಲ್ಲಿ ಇರುವುದು ನೋಡಿ, ಬೆಂಗಳೂರು-ಹೈದರಾಬಾದ್ ಹೆದ್ದಾರಿಯೂ ಪಕ್ಕ, ರೈಲು ಲೈನೂ ಪಕ್ಕ. ಅಲ್ಲಿಂದ ಬೆಂಗಳೂರಿಗೆ ಬರುವ ಕಾರಿಗೆ ರೈಲು ಯಾಕೆ? ಬೆಳಿಗ್ಗೆ ಹೊರಟ ಟ್ರೈಲರ್ ಮಧ್ಯಾಹ್ನದೊಳಗೆ ಇಲ್ಲಿ. ಅದೇ ಕಾರು ದಿಲ್ಲಿ ಕಡೆ ಹೋಗಬೇಕಾದರೆ ರೈಲು ಚೆಂದ.

ಈಗ ನಾನು 2 ಮಾರ್ಕ್ಸ್ ಕೊಟ್ಟ ಕೊನೆಯ ತುಂಡು. ಹೊಸ ಸೈಡಿಂಗ್ ಬಂದು ಹತ್ತಿಸುವ ಕಡೆ ಎರಡು ಕೈ ಉಳಿಯಿತು. ಇಳಿಸುವ ಕಡೆ ಏನೂ ಬದಲಾಗಿಲ್ಲ. ನಾನು ಹೋಗುವ ಒಂದು ಗೂಡ್ಸ್ ಶೆಡ್ ಇದೆ, ಹೆಸರು ಬೇಡ. ಅದೇ ಪ್ಲಾಟ್‌ಫಾರ್ಮ್‌ನಲ್ಲಿ ಒಂದು ದಿನ ಸಿಮೆಂಟ್ ಇಳಿಯುತ್ತದೆ, ಮಾರನೇ ದಿನ ಗೊಬ್ಬರ, ಅದರ ಮಾರನೇ ದಿನ ಹತ್ತು ಲಕ್ಷದ ಕಾರು. ನೆಲದ ಮೇಲೆ ಸಿಮೆಂಟ್ ಪುಡಿ ಹಾಗೇ ಇರುತ್ತದೆ. ಸಂಜೆ ಇಬ್ಬನಿ ಬಿದ್ದರೆ ಆ ಪುಡಿ ಗಾಜಿನ ಮೇಲೆ ಕಲ್ಲಾಗುತ್ತದೆ. ರಾತ್ರಿ ಒಂದು ದೀಪ ಉರಿದರೆ ಮೂರು ಕೆಟ್ಟಿರುತ್ತವೆ. ರೇಕ್ ಬೇಗ ಖಾಲಿ ಮಾಡದಿದ್ದರೆ ದಂಡ ಬೀಳುತ್ತದೆ, ಹಾಗಾಗಿ ಎಲ್ಲರಿಗೂ ಅವಸರ. ಕತ್ತಲಲ್ಲಿ, ಅವಸರದಲ್ಲಿ, ದಿನಗೂಲಿ ಹುಡುಗರ ಕೈಲಿ ಇಳಿಸಿದರೆ ಏನಾಗುತ್ತದೆ? ಕಳೆದ ವರ್ಷ ದೀಪಾವಳಿಗೆ ಹತ್ತು ದಿನ ಮುಂಚೆ ನನ್ನ ಕೈಗೆ ಬಂದ ಒಂದು ಕಾರಿನ ಎಡಗಡೆ ಕನ್ನಡಿ ಮುರಿದಿತ್ತು, ಯಾರೋ ಟೇಪ್ ಸುತ್ತಿ ನಿಲ್ಲಿಸಿದ್ದರು. ಪೇಪರ್‌ನಲ್ಲಿ ‘ಓಕೆ’ ಅಂತ ಬರೆದಿತ್ತು. ಶೆಡ್‌ನವರನ್ನು ಕೇಳಿದರೆ ಲೋಕಲ್ ಟ್ರೈಲರ್‌ನವರು ಅಂದರು, ಟ್ರೈಲರ್‌ನವರನ್ನು ಕೇಳಿದರೆ ಹೀಗೇ ಕೊಟ್ಟರು ಅಂದರು. ಆ ಕಾರು ಬುಕ್ ಮಾಡಿದ್ದ ಮೇಷ್ಟ್ರು ಒಬ್ಬರು ಹಬ್ಬಕ್ಕೆ ಊರಿಗೆ ಅದರಲ್ಲೇ ಹೋಗಬೇಕು ಅಂತ ಕಾಯುತ್ತಿದ್ದರು. ಕನ್ನಡಿ ತರಿಸುವಷ್ಟರಲ್ಲಿ ಹಬ್ಬ ಮುಗಿದಿತ್ತು. ಅವರು ಬೈಯಲಿಲ್ಲ. ಬೈದಿದ್ದರೇ ನನಗೆ ಸಮಾಧಾನ ಆಗುತ್ತಿತ್ತು.

ಈ ಕೊನೆಯ ತುಂಡು ಎಷ್ಟು ಮುಖ್ಯ ಅಂತ ನನಗೆ ಪೂರ್ತಿ ಅರ್ಥ ಆಗಿದ್ದು 2018ರ ಜುಲೈನಲ್ಲಿ. ದೇಶದ ಲಾರಿ ಮಾಲೀಕರು ಎಂಟು ದಿನ ಮುಷ್ಕರ ಮಾಡಿದರು. ರೈಲು ನಿಂತಿರಲಿಲ್ಲ. ರೇಕ್ ಒಂದು ಬಂತು ಕೂಡ. ಇಳಿಸಿದ್ದೂ ಆಯಿತು. ಆದರೆ ಅಲ್ಲಿಂದ ನಮ್ಮ ಯಾರ್ಡ್‌ಗೆ ತರಲು ಒಂದು ಟ್ರೈಲರ್ ಇಲ್ಲ. ದೇಶದ ಆ ತುದಿಯಿಂದ ಬಂದ ಕಾರುಗಳು ಕೊನೆಯ ಕೆಲವೇ ಕಿಲೋಮೀಟರ್‌ಗೆ ಮಳೆಯಲ್ಲಿ ನೆನೆಯುತ್ತಾ ನಿಂತವು. ನಾವು ದಿನಾ ಹೋಗಿ ಎಣಿಸಿ ಬರುತ್ತಿದ್ದೆವು. ಎಂಟನೇ ದಿನ ಮುಷ್ಕರ ಮುಗಿದು ಮೊದಲ ಟ್ರೈಲರ್ ಬಂದಾಗ ಅರ್ಧಕ್ಕರ್ಧ ಕಾರಿನ ಬ್ಯಾಟರಿ ಡೌನ್, ಒಂದೊಂದಕ್ಕೂ ಕೇಬಲ್ ಕೊಟ್ಟು ಸ್ಟಾರ್ಟ್ ಮಾಡಿದೆವು.

ಹಾಗಾಗಿ ನಾನು ಕೇಳುವುದು ದೊಡ್ಡದೇನಲ್ಲ. ಬೆಂಗಳೂರಿಗೆ ಇಷ್ಟು ಕಾರು ರೈಲಿನಲ್ಲಿ ಬರುತ್ತಿರುವಾಗ ಇಳಿಸುವ ಕಡೆ ಕಾರಿಗೇ ಅಂತ ಒಂದು ಕಾಂಕ್ರೀಟ್ ನೆಲ, ಮೇಲೆ ಒಂದು ಶೀಟು, ಸಾಕಷ್ಟು ದೀಪ. ಇಳಿಸುವ ಹುಡುಗರಿಗೆ ಎರಡು ದಿನದ ಟ್ರೈನಿಂಗ್. ಬಂದ ಡ್ರೈವರ್‌ಗಳಿಗೆ ಸ್ನಾನಕ್ಕೆ ನೀರು, ಶೌಚಾಲಯ, ಮಲಗಲು ಒಂದು ರೂಮು. ನಮ್ಮ ಯಾರ್ಡ್‌ನಲ್ಲಿ ಹೋದ ವರ್ಷ ಡ್ರೈವರ್‌ಗಳಿಗೆ ಎರಡು ಬಾತ್‌ರೂಂ ಕಟ್ಟಿಸಿದರು. ಅವತ್ತಿನಿಂದ ಅವರು ಇಳಿಸುವ ರೀತಿಯೇ ಬೇರೆ. ರಾತ್ರಿಯೆಲ್ಲಾ ಓಡಿಸಿ ಬಂದವನು ಮುಖ ತೊಳೆದು, ಟೀ ಕುಡಿದು, ಬೆಳಕು ಬಂದ ಮೇಲೆ ಇಳಿಸುತ್ತಾನೆ. ಬಂಪರ್ ತಾಗಿಸಿದ್ದು ನನ್ನ ರಿಜಿಸ್ಟರ್‌ನಲ್ಲಿ ಗೊತ್ತಾಗುವಷ್ಟು ಕಡಿಮೆಯಾಗಿದೆ.

ಕಾರು ಕೊಳ್ಳುವವರಿಗೆ ಒಂದೆರಡು ಮಾತು. ನಿಮ್ಮ ಕಾರು ರೈಲಿನಲ್ಲಿ ಬಂತಾ, ಟ್ರೈಲರ್‌ನಲ್ಲಿ ಬಂತಾ ಅಂತ ಶೋರೂಂನಲ್ಲಿ ಕೇಳಿ, ಕೇಳಿದರೆ ಹೇಳುತ್ತಾರೆ. ಓಡೋಮೀಟರ್‌ನಲ್ಲಿ ಹತ್ತಿಪ್ಪತ್ತು ಕಿಲೋಮೀಟರ್ ಇದ್ದರೆ ಗಾಬರಿ ಬೇಡ, ಹತ್ತಿಸಿ ಇಳಿಸಿ, ಯಾರ್ಡ್‌ನೊಳಗೆ ಓಡಾಡಿಯೇ ಅಷ್ಟಾಗುತ್ತದೆ. ನೂರು ದಾಟಿದ್ದರೆ ಮಾತ್ರ ಕೇಳಿ. ಡೆಲಿವರಿಗೆ ಮುಂಚೆ, ಹಾರ ಹಾಕಿ ರಿಬ್ಬನ್ ಕಟ್ಟುವ ಮೊದಲೇ, ಹಗಲು ಹೊತ್ತಿನಲ್ಲಿ ಹೋಗಿ ನೋಡಿ. ಟ್ರೈಲರ್‌ನಲ್ಲಿ ಬಂದಿದ್ದರೆ ರೂಫ್ ನೋಡಿ. ಕುರ್ಚಿ ಮೇಲೆ ಹತ್ತಿಯಾದರೂ ನೋಡಿ, ಯಾರೂ ನೋಡದ ಜಾಗ ಅದು. ಚಕ್ರದ ಹತ್ತಿರ ಬೆಲ್ಟ್ ಕಟ್ಟಿದ ಗುರುತು ನೋಡಿ. ರೈಲಿನಲ್ಲಿ ಬಂದಿದ್ದರೆ ಬಾಗಿಲುಗಳ ಅಂಚು ನೋಡಿ, ಕನ್ನಡಿ ಎರಡೂ ಮಡಚಿ ಬಿಚ್ಚಿ ನೋಡಿ. ಜೇಬಿನಲ್ಲಿ ಒಂದು ತೆಳು ಪ್ಲಾಸ್ಟಿಕ್ ಕವರ್ ಇಟ್ಟುಕೊಂಡು ಹೋಗಿ. ಒಳಗೆ ಕೈ ಹಾಕಿ ಬಾನೆಟ್ ಸವರಿ. ಗರಗರ ಅಂದರೆ ಕ್ಲೇ ಮಾಡಿಕೊಡಿ ಅಂತ ಅಲ್ಲೇ ಹೇಳಿ, ಮುಕ್ಕಾಲು ಗಂಟೆ ಕಾದು ತೆಗೆದುಕೊಂಡು ಹೋಗಿ.